ಮೊದಲು ಅಳೆಯಿರಿ, ಆಮೇಲೆ ಅಗೆಯಿರಿ

ಹಂಪಿಗೆ ಹೋಗದ ರೈತ ನಮ್ಮಲ್ಲಿ ಅಪರೂಪ. ಹೊಳೆಯಲ್ಲಿ ಮಿಂದು, ವಿರೂಪಾಕ್ಷನ ದರ್ಶನ ಮಾಡಿ, ಕಲ್ಲಿನ ರಥ ನೋಡಿ ಬರುತ್ತೇವೆ. ಮುಂದಿನ ಸಲ ಹೋದಾಗ ಇನ್ನೊಂದು ಕೆಲಸ ಮಾಡಿ. ಗುಡಿಗಳಿಗೂ ಅರಮನೆಯ ಪ್ರದೇಶಕ್ಕೂ ನಡುವಿನ ತಗ್ಗಿನಲ್ಲಿ ಬಾಳೆ ತೋಟಗಳಿವೆ. ಅಲ್ಲಿನ ಬದುವಿನ ಮೇಲೆ ಐದು ನಿಮಿಷ ನಿಂತು, ಈ ನೀರು ಎಲ್ಲಿಯದೆಂದು ಯಾರನ್ನಾದರೂ ಕೇಳಿ. ತುರ್ತು ಕಾಲುವೆಯದು ಎನ್ನುತ್ತಾರೆ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಹಾಕಿದ ಕಲ್ಲಿನ ಒಡ್ಡಿನಿಂದ ಹೊರಟ ಕಾಲುವೆ ಅದು. 1565ರಲ್ಲಿ ರಾಜಧಾನಿ ಹಾಳಾಯಿತು. ಕಾಲುವೆ ಹಾಳಾಗಲಿಲ್ಲ. ಅರಸರು ಹೋದರೂ ರೈತರು ಹೂಳು ತೆಗೆದು, ಏರಿ ಕಟ್ಟಿ, ನೀರು ಹಾಯಿಸುತ್ತ ಬಂದರು.

ಆದುದರಿಂದ ಹಂಪಿಯ ಪರಂಪರೆ ಎಂದರೆ ಗುಡಿ ಗೋಪುರಗಳು ಮಾತ್ರ ಎಂದು ತಿಳಿಯಬಾರದು. ಕಾಲುವೆ, ಕೆರೆ, ತೂಬು, ಗದ್ದೆಗಳೂ ಅದೇ ಪರಂಪರೆಯ ಭಾಗ. ಇಂತಹ ಹೊಳೆದಂಡೆಯ ಜಾಗದಲ್ಲಿ ಸೇತುವೆಯನ್ನೋ ರಸ್ತೆಯನ್ನೋ ಕಾಲುವೆ ದುರಸ್ತಿಯನ್ನೋ ಕೈಗೆತ್ತಿಕೊಳ್ಳುವಾಗ, ಅದರಿಂದ ಏನು ಉಳಿಯುತ್ತದೆ, ಏನು ಕೆಡುತ್ತದೆ ಎಂದು ಮೊದಲೇ ಅಂದಾಜು ಮಾಡಬೇಕು. ಈ ಅಂದಾಜು ರೈತನ ವಿರುದ್ಧ ಹೂಡುವ ತಕರಾರಲ್ಲ, ಸಕಾಲದಲ್ಲಿ ಮಾಡಿದರೆ ಅದರಿಂದ ಮೊದಲ ಲಾಭ ರೈತನಿಗೇ ಎಂಬುದು ಈ ಲೇಖನದ ವಾದ.

ಸೇತುವೆ ಕಲಿಸಿದ ಪಾಠ

ಆನೆಗೊಂದಿಯ ಜನರ ಕಷ್ಟವನ್ನು ನೆನೆಯಿರಿ. ಹೊಳೆಯ ಉತ್ತರ ದಂಡೆಯಲ್ಲಿ ಅವರ ಊರು, ದಕ್ಷಿಣ ದಂಡೆಯಲ್ಲಿ ತಳವಾರಘಟ್ಟ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿ ಜನ ಬುಟ್ಟಿಯಂತೆ ದುಂಡಗಿರುವ, ತೊಗಲು ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುತ್ತಾರೆಂದು ಬರೆದಿಟ್ಟ. ಅದೇ ನಮ್ಮ ಹರಿಗೋಲು. ಇಪ್ಪತ್ತನೆಯ ಶತಮಾನ ಮುಗಿಯುತ್ತ ಬಂದರೂ ಆನೆಗೊಂದಿಯವರು ಹರಿಗೋಲಿನಲ್ಲೇ ದಾಟುತ್ತಿದ್ದರು. ಹೊಳೆ ತುಂಬಿ ಬಂದರೆ ಅದೂ ಇಲ್ಲ. ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯಬೇಕಾದವನಿಗೆ, ಬತ್ತದ ಚೀಲಗಳನ್ನು ಸಂತೆಗೆ ಸಾಗಿಸಬೇಕಾದವನಿಗೆ ಸೇತುವೆ ಬೇಕೆನಿಸಿದ್ದು ಸಹಜ. ಅದನ್ನು ಯಾರೂ ತಪ್ಪೆನ್ನಲಾಗದು.

ತಪ್ಪಿದ್ದು ಕೆಲಸದ ಕ್ರಮದಲ್ಲಿ. ಹಂಪಿ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಹತ್ತು ವರ್ಷ ಕಳೆದು ಅದೇ ಪ್ರದೇಶದಲ್ಲಿ ಹೊಳೆಗೆ ಎರಡು ಸೇತುವೆಗಳ ಕೆಲಸ ಶುರುವಾಯಿತು. ವಿರೂಪಾಪುರ ಗಡ್ಡೆಗೆ ಕಾಲುಸೇತುವೆ, ಆನೆಗೊಂದಿಗೆ ವಾಹನದ ಸೇತುವೆ. ಕಂಬಗಳು ಮೇಲೇಳುವಾಗ ಆಕ್ಷೇಪಣೆಗಳೂ ಎದ್ದವು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಸೇತುವೆ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದಷ್ಟೇ ಅಲ್ಲಿನ ಆತಂಕವಾಗಿರಲಿಲ್ಲ. ಸೇತುವೆಯಾದರೆ ಲಾರಿಗಳು ಬರುತ್ತವೆ, ಲಾರಿ ಬಂದರೆ ರಸ್ತೆ ಅಗಲವಾಗಬೇಕು, ಹಳೆಯ ನಗರದ ನಡುವೆಯೇ ಭಾರಿ ವಾಹನಗಳು ಓಡಾಡುತ್ತವೆ ಎಂಬುದು ದೊಡ್ಡ ಪ್ರಶ್ನೆಯಾಗಿತ್ತು. ಕೆಲಸ ವರ್ಷಗಟ್ಟಲೆ ಎಳೆಯಿತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂದಿತು. ಆದರೆ 2009ರ ಜನವರಿಯಲ್ಲಿ, ಇನ್ನೂ ಕಟ್ಟುತ್ತಿದ್ದ ಆನೆಗೊಂದಿ ಸೇತುವೆ ಕುಸಿದು ಹೊಳೆಗೆ ಬಿತ್ತು. ಕೂಲಿಯಾಳುಗಳು ಪ್ರಾಣ ಕಳೆದುಕೊಂಡರು.

ಸೇತುವೆ ಕುಸಿದದ್ದು ಪರಂಪರೆಯ ಚರ್ಚೆಯಿಂದಲ್ಲ. ಆ ಎರಡನ್ನೂ ಒಂದಕ್ಕೊಂದು ಗಂಟು ಹಾಕಬಾರದು. ಆದರೆ ಲೆಕ್ಕ ಹಾಕಿ ನೋಡಿ. ಹತ್ತು ವರ್ಷಕ್ಕೂ ಮಿಕ್ಕ ಕಾಲ ಹೋಯಿತು, ಹಣ ಹೋಯಿತು, ಜೀವಗಳು ಹೋದವು, ಆನೆಗೊಂದಿಯ ರೈತ ಮತ್ತೆ ಹರಿಗೋಲನ್ನೇ ಹತ್ತಿದ. ಮುಂದೆ ಕಡೆಬಾಗಿಲು ಮತ್ತು ಬುಕ್ಕಸಾಗರದ ನಡುವೆ ಬೇರೆ ಸೇತುವೆ ಆಯಿತು. ‘ಇನ್ನೊಂದು ಜಾಗ ಇದೆಯೇ?’ ಎಂಬ ಪ್ರಶ್ನೆಯನ್ನು ಮೊದಲ ಕಂಬಕ್ಕೆ ಕುಣಿ ತೋಡುವ ಮುನ್ನವೇ ಊರವರೆದುರು ಇಟ್ಟು ತೀರ್ಮಾನಿಸಿದ್ದರೆ ಇಷ್ಟು ವರ್ಷ ಕಾಯಬೇಕಿತ್ತೇ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ.

ಅಂದಾಜು ಎಂದರೇನು?

ಇದೇನೂ ಪಂಡಿತರಿಗೆ ಮಾತ್ರ ತಿಳಿಯುವ ವಿದ್ಯೆಯಲ್ಲ. ಬಾವಿ ತೋಡುವ ಮೊದಲು ನೀವು ಮಾಡುವ ವಿಚಾರವೇ ಇದು. 2011ರಲ್ಲಿ ಐಕೊಮೊಸ್ ಎಂಬ ಅಂತರರಾಷ್ಟ್ರೀಯ ತಜ್ಞರ ಸಂಸ್ಥೆ ಇದಕ್ಕೊಂದು ಮಾರ್ಗದರ್ಶಿ ಹೊರಡಿಸಿತು. 2022ರಲ್ಲಿ ಯುನೆಸ್ಕೊ ಮತ್ತು ತಜ್ಞ ಸಂಸ್ಥೆಗಳು ಸೇರಿ ಇನ್ನೂ ವಿಸ್ತಾರವಾದದ್ದನ್ನು ಹೊರತಂದವು. ಅವುಗಳ ತಿರುಳನ್ನು ನಾಲ್ಕು ಪ್ರಶ್ನೆಗಳಲ್ಲಿ ಹೇಳಬಹುದು.

ಒಂದು: ಇಲ್ಲಿ ಏನಿದೆ, ಅದರ ಬೆಲೆ ಏನು? ಗುಡಿ ಮಂಟಪಗಳ ಜೊತೆಗೆ ಕಾಲುವೆಯ ಕಲ್ಲುಕಟ್ಟಡ, ಹಳೆಯ ತೂಬು, ಸ್ನಾನಘಟ್ಟ, ಶಾಸನದ ಕಲ್ಲು, ಜಾತ್ರೆಯ ದಾರಿ ಎಲ್ಲವನ್ನೂ ಅಳೆದು, ಚಿತ್ರ ತೆಗೆದು ದಾಖಲಿಸಬೇಕು.

ಎರಡು: ಕೆಲಸ ಅದನ್ನು ಎಲ್ಲೆಲ್ಲಿ ಮುಟ್ಟುತ್ತದೆ? ಕಟ್ಟಡದ ನಕ್ಷೆ ನೋಡಿದರೆ ಸಾಲದು. ಟಿಪ್ಪರ್ ಓಡಾಡುವ ದಾರಿ, ಜಲ್ಲಿ ಮರಳು ಸುರಿಯುವ ಜಾಗ, ಕೂಲಿಯವರ ಬಿಡಾರ, ಬಂಡೆ ಒಡೆಯುವ ಸಿಡಿಮದ್ದು, ಯಂತ್ರದ ಅದುರು, ಮುಗಿದ ಮೇಲೆ ಹೆಚ್ಚುವ ವಾಹನ ಸಂಚಾರ ಇವೆಲ್ಲ ಲೆಕ್ಕಕ್ಕೆ ಬರಬೇಕು. ಕೆಡುಕು ಎಷ್ಟೋ ಸಲ ಕಟ್ಟಡದಿಂದಲ್ಲ, ಕಟ್ಟುವ ರೀತಿಯಿಂದ ಆಗುತ್ತದೆ.

ಮೂರು: ಬೇರೆ ದಾರಿ ಇದೆಯೇ? ಜಾಗ ಬದಲಿಸುವುದು, ಅಳತೆ ಕಡಿಮೆ ಮಾಡುವುದು, ವಿಧಾನ ಬದಲಿಸುವುದು, ಕಡೆಗೆ ಕೆಲಸವನ್ನೇ ಕೈಬಿಡುವುದು, ಎಲ್ಲವನ್ನೂ ತೂಗಿ ನೋಡಬೇಕು.

ನಾಲ್ಕು: ತಪ್ಪಿಸಲಾಗದ ಕೆಡುಕನ್ನು ಹೇಗೆ ತಗ್ಗಿಸುವುದು, ಅದನ್ನು ನೋಡಿಕೊಳ್ಳುವವರು ಯಾರು? ಹಳೆಯ ಗೋಡೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುವ ಪದ್ಧತಿ ಇದೆ. ಬಿರುಕು ಹಿಗ್ಗಿದರೆ ಗಾಜು ಒಡೆಯುತ್ತದೆ, ಕೆಲಸ ನಿಲ್ಲಿಸಬೇಕೆಂದು ತಿಳಿಯುತ್ತದೆ. ಖರ್ಚು ಅತ್ಯಲ್ಪ, ಆದರೆ ಪ್ರತಿದಿನ ನೋಡುವ ಕಣ್ಣು ಬೇಕು.

ಕಾಲುವೆಗೆ ಸಿಮೆಂಟು

ಈ ಪ್ರಶ್ನೆಗಳು ನಮಗೆ ದೂರದವಲ್ಲ. ವಿಜಯನಗರ ಕಾಲುವೆಗಳ ಆಧುನೀಕರಣಕ್ಕೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಯೋಜನೆ ಕೈಗೆತ್ತಿಕೊಳ್ಳಲಾಗಿದೆ. ಕಾಲುವೆಯ ತುದಿಯಲ್ಲಿರುವ ರೈತನಿಗೆ ಇದು ಸಿಹಿ ಸುದ್ದಿ. ಹಳೆಯ ಕಾಲುವೆಯಲ್ಲಿ ನೀರು ಸೋರುತ್ತದೆ, ಏರಿ ಕುಸಿಯುತ್ತದೆ, ಕೊನೆಯ ಗದ್ದೆಗೆ ನೀರು ಮುಟ್ಟುವುದೇ ಇಲ್ಲ. ಸೋರುವ ಕಡೆ ಜಮೀನು ಜವಳಾಗುತ್ತದೆ. ಹಳೆಯದೆಂಬ ಒಂದೇ ಕಾರಣಕ್ಕೆ ಕಾಲುವೆಯನ್ನು ಮುಟ್ಟಬಾರದೆಂದರೆ ಆ ರೈತ ಒಪ್ಪಲಾರ, ಒಪ್ಪಬೇಕಾಗಿಯೂ ಇಲ್ಲ.

ಆದರೆ ಉದ್ದಕ್ಕೂ ಒಂದೇ ಸಮನೆ ಸಿಮೆಂಟು ಬಳಿದರೂ ನಷ್ಟವುಂಟು. ಕಾಲುವೆಯ ಬಸಿನೀರನ್ನೇ ನಂಬಿದ ಬಾವಿಗಳು ಒಣಗಬಹುದು. ಕೈಯಿಂದ ಜೋಡಿಸಿದ ಕಲ್ಲಿನ ಪಕ್ಕೆ ಒಮ್ಮೆ ಜೆಸಿಬಿಯ ಬಾಯಿಗೆ ಸಿಕ್ಕಿದರೆ ಮತ್ತೆ ಬರುವುದಿಲ್ಲ. ಆದುದರಿಂದ ಕಾಲುವೆಯನ್ನು ತುಂಡು ತುಂಡಾಗಿ ನೋಡಬೇಕು. ಹಳೆಯ ಕಲ್ಲುಕಟ್ಟಡ ಗಟ್ಟಿಯಾಗಿರುವ ಕಡೆ ಹೂಳೆತ್ತಿ, ಸಂದುಗಳಿಗೆ ಸುಣ್ಣದ ಗಾರೆ ತುಂಬಿದರೆ ಸಾಕಾಗಬಹುದು. ಬರಿಯ ಮಣ್ಣಿನ ಏರಿ ಇದ್ದು ಬಹಳ ಸೋರುವ ಕಡೆ ಕಾಂಕ್ರೀಟು ಹಾಕಬಹುದು. ಮಂಟಪದ ಪಕ್ಕದಲ್ಲಿ ಯಂತ್ರ ಬಿಟ್ಟು ಆಳುಗಳಿಂದ ಮಾಡಿಸಬೇಕು. ಹಳೆಯ ತೂಬಿನ ಕಲ್ಲುಗಳನ್ನು ಇದ್ದಲ್ಲೇ ಉಳಿಸಬೇಕು. ಇಂತಹ ವಿವೇಚನೆ ಗುತ್ತಿಗೆದಾರನಿಗೆ ಕೆಲಸ ವಹಿಸಿದ ಮೇಲೆ ಹುಟ್ಟುವುದಿಲ್ಲ, ಅಂದಾಜುಪಟ್ಟಿಯಲ್ಲೇ ಬರೆದಿರಬೇಕು.

ಕಾನೂನು ಇಲ್ಲವೆಂದಲ್ಲ. 2010ರ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಹಂಪಿಗೆಂದೇ 2002ರ ಕಾಯಿದೆಯಿಂದ ಪ್ರಾಧಿಕಾರವೂ ಆಗಿದೆ. ಆದರೂ ಮಂಟಪ ಒಂದು ಇಲಾಖೆಯದು, ಕಾಲುವೆ ಇನ್ನೊಂದು ಇಲಾಖೆಯದು, ರಸ್ತೆ ಮತ್ತೊಂದರದು, ಹೊಲ ರೈತನದು. ನಾಲ್ವರನ್ನೂ ಒಂದೇ ಜಮಖಾನದ ಮೇಲೆ ಕೂರಿಸುವುದೇ ಈ ಅಂದಾಜಿನ ನಿಜವಾದ ಉಪಯೋಗ.

ನೀವು ಮಾಡಬೇಕಾದುದು

‘ಕಲ್ಲಿಗೆ ಕೊಡುವ ಮರ್ಯಾದೆ ಮನುಷ್ಯನಿಗಿಲ್ಲ’ ಎಂದು ಹಳ್ಳಿಗಳಲ್ಲಿ ಕೇಳುವ ಮಾತಿನಲ್ಲಿ ನೋವಿದೆ, ನಿಜವೂ ಇದೆ. ಪರಂಪರೆಯ ಹೆಸರಿನಲ್ಲಿ ಬಂದ ಆಜ್ಞೆಗಳು ಎಷ್ಟೋ ಕಡೆ ಜನರನ್ನು ಕೇಳದೆ ಬಂದಿವೆ. ಕೇಳದೆ ಕಟ್ಟುವುದು ಹೇಗೆ ತಪ್ಪೋ, ಕೇಳದೆ ತಡೆಯುವುದೂ ಹಾಗೆಯೇ ತಪ್ಪು. ಯಾವ ತೂಬಿನಿಂದ ಎಷ್ಟು ಹೊಲಕ್ಕೆ ನೀರು, ಯಾವ ಬಾವಿ ಯಾವ ತಿಂಗಳು ಬತ್ತುತ್ತದೆ, ಹೊಳೆ ಎಲ್ಲಿಯವರೆಗೆ ಏರುತ್ತದೆ ಎಂಬುದು ನೀರುಗಂಟಿಗೆ ಗೊತ್ತಿರುವಷ್ಟು ಕಚೇರಿಯ ನಕ್ಷೆಗೆ ಗೊತ್ತಿರುವುದಿಲ್ಲ.

ಹಂಪಿಯಲ್ಲೇ ಆಗಲಿ, ನಿಮ್ಮ ಊರಿನ ಹಳೆಯ ಕೆರೆ ಅಥವಾ ಹೊಳೆದಂಡೆಯ ಗುಡಿಯ ಬಳಿಯೇ ಆಗಲಿ, ಸರ್ವೆಯವರು ಗೂಟ ನೆಡುವ ದಿನವೇ ಎಚ್ಚೆತ್ತುಕೊಳ್ಳಿ. ಗ್ರಾಮಸಭೆಯಲ್ಲಿ, ನೀರು ಬಳಕೆದಾರರ ಸಂಘದಲ್ಲಿ ನಕ್ಷೆಯನ್ನು ಕೇಳಿ ನೋಡಿ. ಮೇಲಿನ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಕನ್ನಡದಲ್ಲಿ, ಬರವಣಿಗೆಯಲ್ಲಿ ಕೊಡಿರೆನ್ನಿ. ನಿಮಗೆ ಗೊತ್ತಿರುವುದನ್ನೂ ಬರೆಸಿ. ಅಗೆಯುವಾಗ ಕೆತ್ತನೆಯ ಕಲ್ಲೋ ಶಾಸನವೋ ಸಿಕ್ಕರೆ ಮುಚ್ಚಿಹಾಕದೆ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ತಿಳಿಸಿ.

ನಾಟಿ ಮಾಡುವ ಮೊದಲು ಮಡಿಯ ಮಟ್ಟ ನೋಡದ ರೈತನಿಲ್ಲ. ಆರುನೂರು ವರ್ಷ ಅನ್ನ ಕೊಟ್ಟ ಹೊಳೆದಂಡೆಗೆ ಯಂತ್ರ ಇಳಿಸುವ ಮೊದಲು ಅಷ್ಟನ್ನಾದರೂ ನೋಡಿರೆಂದು ಕೇಳುವ ಹಕ್ಕು ನಿಮಗಿದೆ.