ಮೀಟರ್ ನೋಡಿ ಅಲ್ಲ, ಕೆಲಸ ನೋಡಿ ಸರ್ವಿಸ್ ಮಾಡ್ಸಿ

ಇವತ್ತು ಬೀಜ, ಗೊಬ್ಬರದ ಮಾತು ಬೇಡ. ಮನೆ ಮುಂದೆ ಕೆಸರು ಮೆತ್ಕೊಂಡು ನಿಂತಿರೋ ಗಾಡಿ ಬಗ್ಗೆ ಬರೀತೀನಿ.

ಹೋದ ತಿಂಗಳು ಬೆಳಗಿನ ಜಾವ ಎರಡು ಮೂಟೆ ಬೀನ್ಸ್ ಕಟ್ಕೊಂಡು ಬಂಡೀಪಾಳ್ಯ ಎಪಿಎಂಸಿಗೆ ಹೊರಟಿದ್ದೆ. ಕಡಕೊಳದ ಹತ್ರ ಇಂಜಿನ್ನಲ್ಲಿ ಕಟಕಟ ಸದ್ದು, ಹಿಂದೆ ನೀಲಿ ಹೊಗೆ, ಆಮೇಲೆ ನಿಂತೇ ಹೋಯ್ತು. ಗೂಡ್ಸ್ ಆಟೋ ಹಿಡಿದು ಮಾರ್ಕೆಟ್ ಸೇರೋ ಹೊತ್ತಿಗೆ ಒಳ್ಳೆ ರೇಟಿನ ವ್ಯಾಪಾರ ಮುಗಿದಿತ್ತು. ಕೇಳಿದ ರೇಟಿಗೆ ಕೊಟ್ಟು ಬಂದೆ.

ಮೆಕ್ಯಾನಿಕ್ ಇಂಜಿನ್ ಆಯಿಲ್ ಇಳಿಸಿದ. ಸುಮಾರು ಒಂದು ಲೀಟರ್ ಇರಬೇಕಾದ ಕಡೆ ಕಾಲು ಲೀಟರ್ ಇರಲಿಲ್ಲ. ಇದ್ದಿದ್ದೂ ಟಾರಿನ ಹಾಗಿತ್ತು. ಪಿಸ್ಟನ್ ರಿಂಗ್ ಸವೆದು ಬೋರಿಗೆ ಗೀರು ಬಿದ್ದಿತ್ತು.

"ಆಯಿಲ್ ಯಾವಾಗ ಹಾಕ್ಸಿದ್ರಿ ಅಣ್ಣ?"

"ಇನ್ನೂ ಎರಡು ಸಾವಿರ ಕಿಲೋಮೀಟ್ರೂ ಓಡಿಲ್ವಲ್ಲಪ್ಪ."

"ಕಿಲೋಮೀಟ್ರು ಬಿಡಿ, ಎಷ್ಟು ತಿಂಗಳಾಯ್ತು?"

ಲೆಕ್ಕ ಹಾಕಿದ್ರೆ ಒಂಬತ್ತು ತಿಂಗಳು. ಬೋರ್ ಕಿಟ್, ಕೂಲಿ ಎಲ್ಲಾ ಸೇರಿ 6,800 ರೂಪಾಯಿ ಆಯ್ತು. ನಾನೂರು ರೂಪಾಯಿ ಆಯಿಲ್ ಉಳಿಸೋಕೆ ಹೋದವನ ಕಥೆ ಇದು. ಗಾಡಿ ತಪ್ಪಲ್ಲ, ನಂದೇ ತಪ್ಪು.

ನನ್ನ ಅಭಿಪ್ರಾಯ ಇಷ್ಟೇ: ಕಿಲೋಮೀಟರ್ ಲೆಕ್ಕ ಟಾರ್ ರೋಡಲ್ಲಿ ಆಫೀಸಿಗೆ ಹೋಗಿ ಬರೋರಿಗೆ ಸರಿ, ನಮಗಲ್ಲ. ಈ ಸಣ್ಣ ಇಂಜಿನ್ ತಣ್ಣಗಾಗೋದು ಓಡುವಾಗ ಬೀಸೋ ಗಾಳಿಯಿಂದ. ನಾವು ಬೂಸಾ ಮೂಟೆ, ಹಾಲಿನ ಕ್ಯಾನ್, ಹಸಿರು ಹುಲ್ಲು ಹೇರ್ಕೊಂಡು ನಾಲೆ ಏರಿ ಮೇಲೆ ಒಂದನೇ, ಎರಡನೇ ಗೇರಲ್ಲಿ ತೆವಳ್ತೀವಿ. ಗಾಳಿ ಬೀಸಲ್ಲ, ಇಂಜಿನ್ ಕಾಯ್ತದೆ, ಆಯಿಲ್ ಬೇಗ ಸಾಯ್ತದೆ. ಮೀಟರಲ್ಲಿ ಮಾತ್ರ ಎರಡೇ ಕಿಲೋಮೀಟರ್. 100 ಸಿಸಿ ಗಾಡಿ ಹೊರೋದು ಓಡಿಸೋನೂ ಸೇರಿ ಸುಮಾರು 130 ಕೆ.ಜಿ. ನನ್ನದೇ 70, ಬೀನ್ಸ್ 80. ಲೆಕ್ಕ ನೀವೇ ಹಾಕಿ.

ಸರ್ವಿಸ್ ಪುಸ್ತಕ ತೆಗೆದು ನೋಡಿ. ಇಷ್ಟು ಕಿಲೋಮೀಟರ್ ಅಥವಾ ಇಷ್ಟು ದಿನ, ಯಾವುದು ಮೊದಲೋ ಅದು ಅಂತ ಇರ್ತದೆ. ಧೂಳಿನ ಜಾಗದಲ್ಲಿ ಇನ್ನೂ ಬೇಗ ಮಾಡಿಸಿ ಅಂತಲೂ ಬರೆದಿರ್ತಾರೆ. ನಾವು ಮೊದಲನೇ ಸಾಲು ಓದಿ ಪುಸ್ತಕ ಮುಚ್ಚಿಟ್ಟಿದ್ದೀವಿ.

ನಮ್ಮ ಮೈಸೂರಿಗೆ ಈ ವಿದ್ಯೆ ಹೊಸದೇನಲ್ಲ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ತಯಾರಾಗ್ತಿತ್ತು, 1996ರಲ್ಲಿ ಮುಚ್ಚಿತು. ಆ ಗಾಡಿಗೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕಿತ್ತು, ಮರೆತರೆ ಪಿಸ್ಟನ್ ಹಿಡ್ಕೊಳ್ತಿತ್ತು. ಹಾಗಾಗಿ ಯೆಜ್ಡಿ ಇಟ್ಟೋರು ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗಲೂ ಆಯಿಲ್ ನೆನೆಸ್ಕೊಳ್ತಿದ್ರು. ಸೈಲೆನ್ಸರಿನ ಕರಿ ತೆಗೆಯೋದೂ ಅವರೇ. ಈಗಿನ ಗಾಡಿ ಏನೂ ಕೇಳಲ್ಲ ಅಂತ ನಾವು ಸುಮ್ಮನಾದ್ವಿ. ಅಲ್ಲೇ ಎಡವಿದ್ದು.

2020ರ ಏಪ್ರಿಲಿಂದ ಬಿಎಸ್-6 ಬಂದು ಹೆಚ್ಚಿನ ಗಾಡಿಗಳಲ್ಲಿ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂತು. ಅದಕ್ಕೆ ಕೈ ಹಾಕ್ಬೇಡಿ. ವಾರಂಟಿ, ಫ್ರೀ ಸರ್ವಿಸ್ ಇರೋವರೆಗೂ ಶೋರೂಮಿಗೇ ಹೋಗಿ. ಟ್ಯಾಪೆಟ್ ಕೂಡ ಕೈಪಳಗಿದ ಮೆಕ್ಯಾನಿಕ್ಕೇ ಮಾಡ್ಲಿ. ಆದ್ರೆ ಈ ನಾಲ್ಕು ಕೆಲಸ ನಮ್ಮವೇ:

1. ಆಯಿಲ್: ವಾರಕ್ಕೊಂದು ಸಲ ನೋಡಿ. ಸ್ವಲ್ಪ ಹೊತ್ತು ಇಂಜಿನ್ ಓಡಿಸಿ, ನಿಲ್ಲಿಸಿ, ಮಟ್ಟದ ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಎರಡು ಮೂರು ನಿಮಿಷ ಬಿಟ್ಟು ಕಡ್ಡಿ ಒರೆಸಿ ನೋಡಿ. ಕಡ್ಡಿ ತಿರುಪಿ ನೋಡಬೇಕೋ ಹಾಗೇ ಇಳಿಸಿ ನೋಡಬೇಕೋ ಅಂತ ಪುಸ್ತಕದಲ್ಲಿ ಇರ್ತದೆ.

2. ಏರ್ ಫಿಲ್ಟರ್: ರಾಗಿ, ಹುರುಳಿ ಒಕ್ಕಣೆ ಮುಗಿದ ಮೇಲೆ ತಪ್ಪದೇ ಬಿಚ್ಚಿಸಿ. ಸ್ಪಂಜಿನದಾದ್ರೆ ತೊಳೀಬಹುದು. ಎಣ್ಣೆ ಹಚ್ಚಿದ ಪೇಪರಿನದಾದ್ರೆ ಗಾಳಿ ಹೊಡೆದು ಮತ್ತೆ ಹಾಕ್ಬೇಡಿ, ಬದಲಾಯ್ಸಿ.

3. ಚೈನ್: ಕೆಸರಿಂದ ಬಂದ ದಿನ ತೊಳೆದು, ಒಣಗಿದ ಮೇಲೆ ಎಣ್ಣೆ ಬಿಡಿ. ಕೆಳಗಿನ ಚೈನ್ ನಡುವಲ್ಲಿ ಸುಮಾರು ಒಂದು ಇಂಚು ಆಡ್ಬೇಕು. ತೀರಾ ಬಿಗಿದ್ರೂ ಕೆಡ್ತದೆ.

4. ಬ್ರೇಕ್: ಗದ್ದೆ ನೀರು, ಮಣ್ಣು ಡ್ರಮ್ಮಿನ ಒಳಗೆ ಸೇರ್ತದೆ. ಹಿಂದಿನ ಚಕ್ರದ ಬ್ರೇಕ್ ಹಿಡಿಯ ಹತ್ರ ಬಾಣದ ಗುರುತು ಇದ್ರೆ ನೋಡಿ. ಬ್ರೇಕ್ ತುಳಿದಾಗ ಅದು ಪ್ಲೇಟಿನ ಗೆರೆಗೆ ಬಂದ್ರೆ ಶೂ ಮುಗೀತು ಅಂತ ಅರ್ಥ. ಇದರಲ್ಲಿ ದುಡ್ಡು ಉಳಿಸೋಕೆ ಹೋಗ್ಬೇಡಿ. ಅದೇ ಗಾಡೀಲಿ ಮಕ್ಕಳನ್ನ ಸ್ಕೂಲಿಗೆ ಬಿಡೋದೂ ನಾವೇ.

"ಇಷ್ಟಕ್ಕೆಲ್ಲ ಟೈಮ್ ಎಲ್ಲಿದೆ?" ಅಂತೀರಿ. ಹಸುಗೆ ಮೇವು ಹಾಕೋಕೆ ಟೈಮ್ ಇಲ್ಲ ಅಂತ ಯಾರಾದ್ರೂ ಹೇಳ್ತೀವಾ? ಹಾಲು ಡೈರಿಗೆ ಹೋಗೋದು, ತರಕಾರಿ ಮಾರ್ಕೆಟ್ಟಿಗೆ ಹೋಗೋದು ಈ ಗಾಡಿ ಮೇಲೇನೇ. ನಾನೀಗ ಆಯಿಲ್ ಹಾಕಿಸಿದ ತಾರೀಕನ್ನ ಕೊಟ್ಟಿಗೆ ಗೋಡೆ ಮೇಲೆ, ಹಸುಗೆ ಇಂಜೆಕ್ಷನ್ ಹಾಕಿಸಿದ ತಾರೀಕಿನ ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಬರೀತೀನಿ. ಮೂರು ತಿಂಗಳು ಆದ್ರೆ ಮೀಟರ್ ನೋಡಲ್ಲ, ಬದಲಾಯಿಸ್ತೀನಿ.

ನೀವು ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ಒಂದು ಸಲ ಆ ಆಯಿಲ್ ಕಡ್ಡಿ ಎತ್ತಿ ನೋಡಿ. ಅಷ್ಟು ಸಾಕು.