ಇಡೀ ರಾತ್ರಿಯ ಆಟ, ಒಂದೇ ಸೀಡಿಯಲ್ಲಿ!

ನಮ್ಮ ಮಾವನಿಗೆ ಒಂದು ಹೆಮ್ಮೆ ಇತ್ತು. ಇಡೀ ರಾತ್ರಿಯ ದೇವಿ ಮಹಾತ್ಮೆ ಆಟವನ್ನು ಒಂದೇ ಒಂದು ಸೀಡಿಗೆ ಹಾಕಿಸಿಕೊಂಡು ಬಂದಿದ್ದೇನೆ ಅಂತ. 2009ರ ಮಾತು. ಮೂರು ವಿಎಚ್‌ಎಸ್ ಕ್ಯಾಸೆಟ್ಟು, ಒಂದೊಂದು ಮೂರು ಗಂಟೆಯದ್ದು, ಒಟ್ಟು ಒಂಬತ್ತು ಗಂಟೆ. ಪೇಟೆಯ ಸ್ಟುಡಿಯೋ ಒಂದರಲ್ಲಿ ಕೊಟ್ಟು "ಒಂದೇ ಸೀಡಿಯಲ್ಲಿ ಬರಬೇಕು" ಅಂದಿದ್ದರಂತೆ. ಬಂತು. ಬಂದ ಮೇಲೆ ಬೂಸ್ಟು ಹಿಡಿಯುತ್ತಿದ್ದ ಕ್ಯಾಸೆಟ್ಟುಗಳು ಯಾಕೆ ಅಂತ ಗುಜರಿಗೆ ಹಾಕಿದರು.

1994ರಲ್ಲಿ ಪುತ್ತೂರಿನ ಹತ್ತಿರ ನಮ್ಮೂರಿನ ಗದ್ದೆಯಲ್ಲಿ ಆದ ಆಟ ಅದು. ಮಹಿಷಾಸುರ ಮಾಡಿದ್ದು ನನ್ನ ಅಜ್ಜ, ಅಮ್ಮನ ಅಪ್ಪ. ನಾನು ಆರು ವರ್ಷದವನಿದ್ದಾಗ ಅವರು ತೀರಿಕೊಂಡರು. ಅವರ ವೇಷ ನಾನು ನೋಡಿದ್ದು ಆ ಸೀಡಿಯಲ್ಲಿ ಮಾತ್ರ. ನೋಡಿದ್ದು ಅಂತ ಹೇಳಬಹುದಾದರೆ!

ಸ್ವಲ್ಪ ಲೆಕ್ಕ ಮಾಡೋಣ. ಸೀಡಿಯಲ್ಲಿ 700 ಎಂಬಿ. ಒಂಬತ್ತು ಗಂಟೆ ಅಂದರೆ 32,400 ಸೆಕೆಂಡು. ಹಂಚಿದರೆ ಸೆಕೆಂಡಿಗೆ ಸುಮಾರು 181 ಕಿಲೋಬಿಟ್. ಅದರಲ್ಲಿ 64 ಶಬ್ದಕ್ಕೆ ಹೋದರೆ ಚಿತ್ರಕ್ಕೆ ಉಳಿದದ್ದು 117. ನಾವೆಲ್ಲ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ ಹಳೇ ವಿಸೀಡಿ ಇದೆಯಲ್ಲ, ಅದರಲ್ಲಿ ಚಿತ್ರಕ್ಕೇ 1150 ಇರುತ್ತಿತ್ತು. ಅದರ ಹತ್ತನೇ ಒಂದು ಪಾಲಿನಲ್ಲಿ ನನ್ನ ಅಜ್ಜ ಕುಣಿಯಬೇಕು. ವಿಸೀಡಿಗಿಂತ ಆಮೇಲೆ ಬಂದ ಕೋಡೆಕ್ ಬಳಸಿದ್ದಾರೆ ನಿಜ, ಆದರೆ ಇಷ್ಟರಲ್ಲಿ ಯಾವ ಕೋಡೆಕ್ ತಾನೇ ಎಂತ ಮಾಡೀತು?

ಮಹಿಷಾಸುರನ ಪ್ರವೇಶ ನೋಡಿದವರಿಗೆ ಗೊತ್ತು. ಕತ್ತಲೆ, ದೊಂದಿ, ರಾಳದ ಪುಡಿ ಎಸೆದಾಗ ಭಗ್ ಅಂತ ಏಳುವ ಬೆಂಕಿ, ಜನರ ನಡುವಿನಿಂದ ಆರ್ಭಟ ಕೊಡುತ್ತಾ ಬರುವ ಆ ವೇಷ. ವೀಡಿಯೋ ಕಂಪ್ರೆಷನ್ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ವೈರಿ ಇಲ್ಲ. ಯಾಕೆಂದರೆ ಕಂಪ್ರೆಷನ್ ನಡೆಯುವುದೇ "ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ವ್ಯತ್ಯಾಸ ಎಷ್ಟು, ಅಷ್ಟು ಮಾತ್ರ ಬರೆದಿಡೋಣ" ಅನ್ನುವ ಜಿಪುಣತನದ ಮೇಲೆ. ಭಾಗವತರು ಕೂತು ಹಾಡುವಾಗ ವ್ಯತ್ಯಾಸ ಕಡಿಮೆ, ಸುಖವಾಗಿ ನಡೆಯುತ್ತದೆ. ರಾಳ ಹಾಕಿದ ಕ್ಷಣ ಪರದೆಯ ಪ್ರತಿಯೊಂದು ಚುಕ್ಕಿಯೂ ಬದಲಾಗುತ್ತದೆ. ಆಗ ಬರೆದಿಡಲು ಬಿಟ್ಟು ಬೇಕು, ಖಜಾನೆಯಲ್ಲಿ ಇಲ್ಲ. ಹಾಗಾಗಿ ನಮ್ಮ ಸೀಡಿಯಲ್ಲಿ ಬೆಂಕಿ ಎದ್ದ ಕೂಡಲೇ ಅಜ್ಜ ಕಂದು ಬಣ್ಣದ ಚೌಕಗಳಾಗಿ ಒಡೆದು ಹೋಗುತ್ತಾರೆ. ಚೌಕಗಳು ಮತ್ತೆ ಸೇರಿ ಮುಖ ಆಗುವಷ್ಟರಲ್ಲಿ ಮತ್ತೊಂದು ರಾಳ. ಚೆಂಡೆಯ ಕಥೆಯೂ ಅಷ್ಟೇ. ಪೆಟ್ಟು ಬೀಳುವ ಮೊದಲೇ 'ಸ್ಸ್' ಅಂತ ಒಂದು ಉಸಿರು ಕೇಳುತ್ತದೆ. ಶಬ್ದವನ್ನು ಅತಿಯಾಗಿ ಹಿಂಡಿದಾಗ ಬರುವ ಕಾಯಿಲೆ ಅದು.

ಸ್ಟುಡಿಯೋದವನಿಗೆ ನಾಲ್ಕು ಬೈದು ಮುಗಿಸಬಹುದಿತ್ತು. ಆದರೆ ಅವನು ಕೇಳಿದ್ದನ್ನು ಕೊಟ್ಟ. "ಒಂದೇ ಸೀಡಿಯಲ್ಲಿ" ಅಂದದ್ದು ನಾವು. ಮೊದಲು ಸೈಜು ಹೇಳಿ, ಆಮೇಲೆ ಅದರೊಳಗೆ ಏನು ಉಳಿಯುತ್ತದೋ ಉಳಿಯಲಿ ಅನ್ನುವ ಈ ಬುದ್ಧಿಯ ಮೇಲೇ ನನ್ನ ಸಿಟ್ಟು. ಆ ಕಾಲಕ್ಕೆ ಒಂದು ನೆಪವಾದರೂ ಇತ್ತು, ಸೀಡಿಯಲ್ಲಿ 700 ಎಂಬಿಗಿಂತ ಜಾಸ್ತಿ ಹಿಡಿಯುವುದಿಲ್ಲ ಅಂತ. ಈಗ ಎಂತ ನೆಪ ಸ್ವಾಮೀ?

ಯಾಕೆ ಈಗ ಇದೆಲ್ಲ ಅಂದರೆ, ಕಳೆದ ತಿಂಗಳು ಅಜ್ಜನ ಜೊತೆ ವೇಷ ಮಾಡುತ್ತಿದ್ದವರೊಬ್ಬರ ಮನೆ ಅಟ್ಟದಲ್ಲಿ ಅದೇ ಆಟದ ಇನ್ನೊಂದು ಸೆಟ್ ಸಿಕ್ಕಿತು! ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಕಾಪಿ. ನಾನು ಕುಣಿಯುವುದೊಂದು ಬಾಕಿ. ಮಾವನಿಗೆ ಫೋನ್ ಮಾಡಿದರೆ ಮೊದಲ ಮಾತೇ, "ಒಂದು ಜಿಬಿ ಒಳಗೆ ಮಾಡು ಮಾರಾಯ, ಗ್ರೂಪಿಗೆ ಹಾಕ್ಲಿಕ್ಕುಂಟು."

"ಮಾವ, ಒಂಬತ್ತು ಗಂಟೆ ಒಂದು ಜಿಬಿಯಲ್ಲಿ ಅಂದ್ರೆ ಮತ್ತೆ ಅದೇ ಸೀಡಿ ಕಥೆ."

"ಹಳೇ ಕ್ಯಾಸೆಟ್ಟು, ಹೇಗೂ ಮಸುಕು. ಅದಕ್ಕೆಂತ ಅಷ್ಟು ದೊಡ್ಡ ಫೈಲು?"

ಈ ಮಾತನ್ನು ಮಾವ ಹೇಳಿದರೆ ಸರಿ. ನನ್ನ ಜೊತೆ ಆಫೀಸಿನಲ್ಲಿ ಕೂತು ಕೋಡ್ ಬರೆಯುವವರೂ ಇದನ್ನೇ ಹೇಳುತ್ತಾರೆ! ನಿಜ ಇದರ ಉಲ್ಟಾ. ನಾಯ್ಸ್ ತುಂಬಿದ ಹಳೇ ಚಿತ್ರಕ್ಕೆ ಜಾಸ್ತಿ ಬಿಟ್ಟು ಬೇಕು. ವಿಎಚ್‌ಎಸ್‌ನಲ್ಲಿ ಸದಾ ಮಿಣಮಿಣ ಅನ್ನುವ ನಾಯ್ಸ್ ಇರುತ್ತದೆ. ಅದು ನಾಯ್ಸೋ ಅಜ್ಜನ ಮುಖದ ಮೇಲಿನ ಬಣ್ಣದ ಚುಕ್ಕಿಯೋ ಅಂತ ಎನ್‌ಕೋಡರ್‌ಗೆ ಗೊತ್ತಾಗುವುದಿಲ್ಲ. ಎರಡೂ ಅದರ ಲೆಕ್ಕದಲ್ಲಿ ವ್ಯತ್ಯಾಸವೇ. ಬಿಟ್ಟು ಕಡಿಮೆ ಕೊಟ್ಟರೆ ಎರಡನ್ನೂ ಒರೆಸಿ ಹಾಕುತ್ತದೆ. ಶುಭ್ರವಾದ ಕಾರ್ಟೂನ್ ಆದರೆ ಕಡಿಮೆಯಲ್ಲಿ ಸುಧಾರಿಸಬಹುದು, ಹಳೇ ಕ್ಯಾಸೆಟ್ಟು ಆಗದು.

ಎಕ್ಸ್264ನಲ್ಲಿ ಸಿಆರ್‌ಎಫ್ ಅಂತ ಒಂದು ಸೆಟ್ಟಿಂಗ್ ಇದೆ. 0ರಿಂದ 51, ಏನೂ ಹೇಳದಿದ್ದರೆ 23. ಸಂಖ್ಯೆ ಇಳಿದಷ್ಟು ಗುಣಮಟ್ಟ ಜಾಸ್ತಿ. ಸುಮಾರಾಗಿ 6 ಇಳಿಸಿದರೆ ಫೈಲು ಎರಡು ಪಟ್ಟು, 6 ಏರಿಸಿದರೆ ಅರ್ಧ. ಇದರ ಚಂದ ಏನೆಂದರೆ ಇಲ್ಲಿ ನೀವು ಸೈಜು ಹೇಳುವುದೇ ಇಲ್ಲ. "ಇಷ್ಟು ಚೆನ್ನಾಗಿ ಕಾಣಲಿ" ಅಂತ ಹೇಳುತ್ತೀರಿ, ಭಾಗವತರಿಗೆ ಕಡಿಮೆ, ರಾಳಕ್ಕೆ ಜಾಸ್ತಿ ಅಂತ ಅದೇ ಹಂಚಿಕೊಳ್ಳುತ್ತದೆ. ಸೈಜು ಕೊನೆಗೆ ಬರುವ ಉತ್ತರ. ಸೈಜು ನಿಜವಾಗಿಯೂ ಬಿಗಿಯಾಗಿದ್ದರೆ ಎರಡು ಸಲ ಓಡಿಸುವ ಟೂ-ಪಾಸ್ ಇದೆ, ಅದು ಬೇರೆ ವಿಷಯ.

ಆದರೆ "18 ಹಾಕು, ವೆರಿಸ್ಲೋ ಹಾಕು, ಮುಗೀತು" ಅಂತ ಮಂತ್ರ ಹೇಳುವ ನಮ್ಮ ಎಂಜಿನಿಯರ್ ಪಂಡಿತರನ್ನೂ ನಾನು ನಂಬುವುದಿಲ್ಲ. ನಾನು ಮಾಡುವುದು ಇಷ್ಟು. ಇಡೀ ಟೇಪಿನಲ್ಲಿ ಅತಿ ಕಷ್ಟದ ಒಂದು ನಿಮಿಷ ಹುಡುಕಿ ಕತ್ತರಿಸುತ್ತೇನೆ: ಕತ್ತಲೆ ಇರಬೇಕು, ಬೆಂಕಿ ಇರಬೇಕು, ಯಾರಾದರೂ ಧೀಂಗಿಣ ಹಾಕುತ್ತಿರಬೇಕು. ಅದನ್ನು 16, 18, 20, 23ರಲ್ಲಿ ಮಾಡಿ ಟೀವಿಯಲ್ಲಿ ನೋಡುತ್ತೇನೆ. ಫೋನಿನಲ್ಲಲ್ಲ! ಆರಿಂಚಿನ ಪರದೆಯಲ್ಲಿ ಎಲ್ಲವೂ ಸುಂದರ. ಪ್ರೀಸೆಟ್ ನಿಧಾನ ಮಾಡಿದರೆ ಕಂಪ್ಯೂಟರ್ ಜಾಸ್ತಿ ಹೊತ್ತು ತಿಣುಕಾಡಿ ಸ್ವಲ್ಪ ಜಾಗ ಉಳಿಸುತ್ತದೆ, ರಾತ್ರಿ ಹಾಕಿ ಮಲಗಿ. ಎಕ್ಸ್265 ಹಾಕಿದರೆ ಅರ್ಧಕ್ಕರ್ಧ ಅಂತ ಗೆಳೆಯನೊಬ್ಬ ಹೇಳಿದ, ಮಾಡಿ ನೋಡಿದೆ. ನನ್ನ ಟೇಪಿನಲ್ಲಿ ಅಷ್ಟು ಉಳಿತಾಯ ಆಗಲಿಲ್ಲ, ಮುಖ ಮಾತ್ರ ಮೇಣ ಸವರಿದ ಹಾಗೆ ಕಂಡಿತು.

ಧೀಂಗಿಣ ಅಂದೆನಲ್ಲ, ಅಲ್ಲೊಂದು ಮೋಸ ಇದೆ. ನಮ್ಮ ಪಾಲ್ ಟೇಪಿನಲ್ಲಿ ಸೆಕೆಂಡಿಗೆ 25 ಚಿತ್ರ ಅನ್ನುತ್ತಾರೆ, ಆದರೆ ಪ್ರತಿ ಚಿತ್ರದಲ್ಲಿ ಎರಡು ಬೇರೆ ಬೇರೆ ಕ್ಷಣಗಳ ಗೆರೆಗಳು ಹೆಣೆದುಕೊಂಡಿರುತ್ತವೆ. ಅಂದರೆ ಚಲನೆ ಸೆಕೆಂಡಿಗೆ 50 ಸಲ ದಾಖಲಾಗಿದೆ. ಹೆಣಿಗೆ ಬಿಚ್ಚುವಾಗ 25 ಮಾಡಿದರೆ ಅರ್ಧ ಕುಣಿತ ಕಸಕ್ಕೆ. 50 ಮಾಡಿ. ಫೈಲು ಸ್ವಲ್ಪ ದೊಡ್ಡದಾಗುತ್ತದೆ, ಆಗಲಿ. ಇನ್ನು 720×576 ಇರುವುದನ್ನು 1080ಕ್ಕೆ ಹಿಗ್ಗಿಸಿ "ಎಚ್‌ಡಿ ಮಾಡಿದ್ದೇವೆ ಸಾರ್" ಅನ್ನುವವರಿಗೆ ದೊಡ್ಡ ನಮಸ್ಕಾರ. ಇಲ್ಲದ್ದನ್ನು ಹುಟ್ಟಿಸಲು ಬಿಟ್ಟು ಖರ್ಚು ಮಾಡಿ, ಇರುವುದನ್ನು ಉಳಿಸಲು ಜಿಪುಣತನ.

ಕಂಪ್ರೆಸ್ ಮಾಡದೇ ಇಟ್ಟರೆ ಗಂಟೆಗೆ ಸುಮಾರು 75 ಜಿಬಿ, ಅದು ನನಗೂ ಅತಿಯಾಯಿತು. ಎಫ್‌ಎಫ್‌ವಿ1 ಅಂತ ಒಂದು ಚುಕ್ಕಿಯನ್ನೂ ಕಳೆಯದೆ ಹಿಂಡುವ ಕೋಡೆಕ್ ಇದೆ, ಅಜ್ಜನ ಪ್ರವೇಶದ ಅರ್ಧ ಗಂಟೆಗೆ ಅದನ್ನೇ ಬಳಸುತ್ತೇನೆ ಅಂತ ಇಟ್ಟುಕೊಂಡಿದ್ದೇನೆ. ಉಳಿದದ್ದಕ್ಕೆ ಎಕ್ಸ್264 ಸಾಕು. ಮೊದಲ ಟೇಪು, ಮೂರು ಗಂಟೆ, ಸಿಆರ್‌ಎಫ್ 18, ಎಂಟು ಜಿಬಿ ಚಿಲ್ಲರೆ ಆಯಿತು. ಪೂರಾ ರಾತ್ರಿಗೆ 25 ಜಿಬಿ ಅಂದುಕೊಳ್ಳಿ. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಇಂಥ ನಲವತ್ತು ರಾತ್ರಿ ಹಿಡಿಯುತ್ತವೆ. ನಮ್ಮ ಊರಿನಲ್ಲಿ ರೆಕಾರ್ಡ್ ಆಗಿ ಉಳಿದ ಆಟಗಳು ನಲವತ್ತು ಇವೆಯಾ? ಯಾವುದಕ್ಕೆ ಈ ಉಳಿತಾಯ?

ಗ್ರೂಪಿಗೆ ಬೇಕಾದರೆ ಆ ದೊಡ್ಡ ಫೈಲಿನಿಂದ ಹತ್ತಿಪ್ಪತ್ತು ನಿಮಿಷ ಕತ್ತರಿಸಿ ಎಷ್ಟು ಬೇಕೋ ಅಷ್ಟು ಹಿಂಡಿ ಕಳಿಸಿ, ನನ್ನದೇನೂ ತಕರಾರಿಲ್ಲ. ದೊಡ್ಡದರಿಂದ ಸಣ್ಣದನ್ನು ನಾಳೆಯೂ ಮಾಡಬಹುದು, ಬೇರೆ ಕೋಡೆಕ್ ಬಂದಾಗ ಇನ್ನೂ ಚೆನ್ನಾಗಿ ಮಾಡಬಹುದು. ಸಣ್ಣದರಿಂದ ದೊಡ್ಡದು? ಮಾವನ ಸೀಡಿಯ ಚೌಕಗಳನ್ನು ಕೂಡಿಸಿ ಅಜ್ಜನನ್ನು ವಾಪಸ್ಸು ತರಲು ನಾನು ಎಷ್ಟೋ ಭಾನುವಾರ ಕೂತಿದ್ದೇನೆ. ಬಿಟ್ಟೇ ಇಲ್ಲದ ಮೇಲೆ ಎಲ್ಲಿಂದ ತರುವುದು?

ಮಾವನಿಗೆ ಮೊದಲ ಟೇಪಿನ ಐದು ನಿಮಿಷ ಟೀವಿಯಲ್ಲಿ ತೋರಿಸಿದೆ. ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಆ ಬದಿಯಲ್ಲಿ ಕೂತದ್ದು ನಾನು ಅಲ್ವಾ?" ಅಂದರು. ಹೌದು, ಅವರೇ. ಸೀಡಿಯಲ್ಲಿ ಆ ಜಾಗದಲ್ಲಿ ಬರೀ ಕಪ್ಪು.

ಮಹಿಷಾಸುರ ಬರುವುದು ಎರಡನೇ ಟೇಪಿನಲ್ಲಿ. ಅದಕ್ಕೆ ಬಿಳಿ ಬೂಸ್ಟು ಹಿಡಿದಿದೆ. ಹಾಗೇ ವಿಸಿಆರ್‌ಗೆ ಹಾಕಿದರೆ ಹೆಡ್ ಕೊಳೆಯಾಗಿ ಉಳಿದ ಟೇಪುಗಳಿಗೂ ಅಂಟುತ್ತದೆ ಅಂತ ಹಾಕಿಲ್ಲ, ಡಬ್ಬಿಯಲ್ಲಿ ಬೇರೆ ಇಟ್ಟಿದ್ದೇನೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಟೇಪ್ ಬಿಚ್ಚಿ ಸರಿಯಾಗಿ ಕ್ಲೀನ್ ಮಾಡುವವರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ಕಾಮೆಂಟಿನಲ್ಲಿ ಹೇಳಿ. ಮಳೆಗಾಲ ಶುರುವಾಗುವ ಮೊದಲು ಆಗಬೇಕು.