ಸಂಪಾದಕರ ಮಾತು: ಅಚ್ಚು ಕೂರುವ ಕಾಗದ

ಜಪಾನಿನ ಮರದಚ್ಚಿನ ಚಿತ್ರ ಎಂದರೆ ಹೊಕುಸಾಯಿಯ ದೊಡ್ಡ ಅಲೆ ಎಂಬಲ್ಲಿಗೆ ನಮ್ಮ ಪರಿಚಯ ಬಹುಮಟ್ಟಿಗೆ ನಿಂತುಬಿಡುತ್ತದೆ. ಮೊಬೈಲ್ ಕವರು, ಟೀ ಶರ್ಟುಗಳ ಮೇಲೆಲ್ಲ ಆ ಅಲೆ ಉಕ್ಕುತ್ತಲೇ ಇದೆ. 1831ರ ಸುಮಾರಿಗೆ ಅದು ಹೊರಬಂದಾಗ ಹೊಕುಸಾಯಿ ಮಾಡಿದ್ದು ಚಿತ್ರ ಬರೆದುಕೊಟ್ಟಿದ್ದು ಮಾತ್ರ. ಮರ ಕೆತ್ತಿದವನು ಬೇರೆ, ಬಣ್ಣ ಹಚ್ಚಿ ಒತ್ತಿದವನು ಬೇರೆ, ದುಡ್ಡು ಹಾಕಿದ ಪ್ರಕಾಶಕ ಇನ್ನೊಬ್ಬ. ಹೆಸರು ಉಳಿದದ್ದು ಒಬ್ಬನದೇ. ಕಾಗದ ಮಾಡಿದವರನ್ನಂತೂ ಲೆಕ್ಕಕ್ಕೇ ಹಿಡಿಯಲಿಲ್ಲ.

ಆ ಲೆಕ್ಕಕ್ಕಿಲ್ಲದವರ ಕಸುಬನ್ನು ಹುಡುಕಿಕೊಂಡು ಹೋದ ಕಲಾವಿದರೊಬ್ಬರು ಬೆಂಗಳೂರಿನಲ್ಲೇ ಇದ್ದಾರೆ.

ರವಿಕುಮಾರ್ ಕಾಶಿ 1990ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಿಂದ ಮುದ್ರಣ ಕಲೆಯಲ್ಲಿ ಎಂಎಫ್‌ಎ ಪಡೆದವರು. ಅಚ್ಚು ಒತ್ತುವ ವಿದ್ಯೆ ಕಲಿತವರ ಗಮನ ಅಚ್ಚು ಕೂರುವ ಹಾಳೆಯ ಮೇಲೆ ನೆಟ್ಟಿತು. 2001ರಲ್ಲಿ ಗ್ಲಾಸ್ಗೋಗೆ ಹೋಗಿ ಕೈಕಾಗದ ಮಾಡುವುದನ್ನು ಕಲಿತರು. 2009ರಲ್ಲಿ ದಕ್ಷಿಣ ಕೊರಿಯಾದ ಜಾಂಗ್ ಜಿ ಬಾಂಗ್ ಎಂಬ ಕಾಗದದ ಕಾರ್ಖಾನೆಯಲ್ಲಿ ‘ಹಾಂಜಿ’ ತಯಾರಿಕೆಗೆ ಕೈಹಾಕಿದರು. ಹಾಂಜಿ ಜಪಾನಿನ ವಾಶಿ ಕಾಗದದ ಹತ್ತಿರದ ನಂಟ.

ಇದರ ಕಚ್ಚಾವಸ್ತು ನಮಗೆ ತೀರಾ ಹೊರಗಿನದೇನಲ್ಲ. ಬೆಂಗಳೂರಿನ ಜರಗನಹಳ್ಳಿಯ ಮೇಲೆ ಹಾದುಹೋಗುವ ಕನಕಪುರ ರಸ್ತೆಯನ್ನು ಹಿಡಿದು ಹೊರಟರೆ ಸಿಗುವುದು ರೇಷ್ಮೆ ಸೀಮೆ, ಹಿಪ್ಪುನೇರಳೆ ತೋಟಗಳ ನಾಡು. ಹಾಂಜಿ, ವಾಶಿಗಳಿಗೆ ನಾರು ಕೊಡುವುದು ಅದೇ ಹಿಪ್ಪುನೇರಳೆಯ ಕುಟುಂಬಕ್ಕೆ ಸೇರಿದ ಬೇರೊಂದು ಗಿಡ. ಕಡ್ಡಿಗಳನ್ನು ಹಬೆಯಲ್ಲಿ ಬೇಯಿಸಿ ತೊಗಟೆ ಸುಲಿಯುತ್ತಾರೆ. ಹೊರಗಿನ ಕಪ್ಪು ಸಿಪ್ಪೆ ಹೆರೆದು, ಒಳಗಿನ ಬಿಳಿ ನಾರನ್ನು ಬೂದಿನೀರಿನಲ್ಲಿ ಕುದಿಸಿ, ಜಾಲಿಸಿ, ಜಜ್ಜುತ್ತಾರೆ. ನೀರಿನ ತೊಟ್ಟಿಗೆ ಬಿದ್ದ ನಾರು ತಳ ಹಿಡಿಯಬಾರದು. ಅದಕ್ಕೆಂದು ಒಂದು ಬೇರಿನ ಲೋಳೆ ಬೆರೆಸುತ್ತಾರೆ. ಆ ಬೇರು ನಮ್ಮ ಬೆಂಡೆಯ ದಾಯಾದಿ ಗಿಡದ್ದು. ಬೆಂಡೆಕಾಯಿ ಹೆಚ್ಚಿದ ಕೈಗೆ ಆ ಅಂಟಿನ ಗುಣ ಬೇರೆ ಹೇಳಬೇಕಿಲ್ಲ. ಲೋಳೆಯಿಂದಾಗಿ ಜರಡಿಯಲ್ಲಿ ನೀರು ನಿಧಾನವಾಗಿ ಇಳಿಯುತ್ತದೆ, ಉದ್ದುದ್ದ ಎಳೆಗಳು ಒಂದರ ಮೇಲೊಂದು ಹೆಣೆದುಕೊಳ್ಳಲು ಪುರಸೊತ್ತು ಸಿಗುತ್ತದೆ.

ಮರದಚ್ಚಿಗೆ ಬೇಕಾದದ್ದು ಈ ಹೆಣಿಗೆ ಕೊಡುವ ಗಟ್ಟಿತನವೇ. ಜಪಾನಿ ಪದ್ಧತಿಯಲ್ಲಿ ಪ್ರೆಸ್ಸಿಲ್ಲ. ನೀರಿನ ಬಣ್ಣಕ್ಕೆ ಅಕ್ಕಿಯ ಅಂಟು ಸೇರಿಸಿ ಹಲಗೆಗೆ ಬಳಿದು, ತೇವ ಮಾಡಿದ ಹಾಳೆ ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಬೆನ್ನಿನ ಮೇಲೆ ತಿಕ್ಕುತ್ತಾರೆ. ಬಣ್ಣಕ್ಕೊಂದು ಸಲ, ಛಾಯೆಗೊಂದು ಸಲ. ಯೋಶಿದಾ ಹಿರೋಶಿ ಎಂಬ ಕಲಾವಿದರ ಕೆಲವು ಹಾಳೆಗಳು 30ಕ್ಕೂ ಹೆಚ್ಚು ಸಲ ಹೀಗೆ ತಿಕ್ಕಿಸಿಕೊಂಡಿವೆ. ನಮ್ಮ ಅಂಗಡಿಯ ಡ್ರಾಯಿಂಗ್ ಶೀಟಾದರೆ ನಾಲ್ಕನೆಯದಕ್ಕೇ ನವೆದುಹೋದೀತು. ಇದೇ ಯೋಶಿದಾ 1930ರ ದಶಕದ ಆರಂಭದಲ್ಲಿ ಭಾರತ ಸುತ್ತಿ ತಾಜಮಹಲು, ಉದಯಪುರ, ಮದುರೆಯ ದೇವಸ್ಥಾನಗಳನ್ನು ಮರದಚ್ಚಿಗಿಳಿಸಿದರು. ಅದೇ ಹಲಗೆಗಳಿಗೆ ಬೇರೆ ಬಣ್ಣ ಹಚ್ಚಿ ಹಗಲನ್ನು ಇರುಳು ಮಾಡುವುದು ಅವರ ಕೈಚಳಕವಾಗಿತ್ತು.

ಹಳೆಯ ಕೆಲಸವನ್ನು ಇವತ್ತೂ ಹಠ ಹಿಡಿದು ಮಾಡುವವರಿದ್ದಾರೆ. 1986ರಲ್ಲಿ ಕೆನಡಾದಿಂದ ಟೋಕಿಯೊಗೆ ಹೋಗಿ ನೆಲೆಸಿದ ಡೇವಿಡ್ ಬುಲ್, ನೂರು ಕವಿಗಳ ಒಂದು ಹಳೆಯ ಚಿತ್ರಮಾಲೆಯನ್ನು ವರ್ಷಕ್ಕೆ ಹತ್ತರಂತೆ ಹತ್ತು ವರ್ಷ ತಾವೇ ಕೆತ್ತಿ, ತಾವೇ ಒತ್ತಿ ಮುಗಿಸಿದರು.

ರವಿಕುಮಾರ್ ಅವರ ದಾರಿ ಬೇರೆ. ಅವರ ಕಲಾಕೃತಿಗಳಲ್ಲಿ ಕಾಗದವು ಚಿತ್ರವನ್ನು ಹೊರುವ ಹಲಗೆಯಾಗಿ ಉಳಿಯದೆ ತಾನೇ ಚಿತ್ರವಾಗುತ್ತದೆ. ತಿರುಳಿನಿಂದಲೇ ಬಲೆಯಂಥ ಅಕ್ಷರಗಳ ಹೆಣಿಗೆ ಎದ್ದುನಿಲ್ಲುತ್ತದೆ. ಕನ್ನಡದಲ್ಲಿ ಕಲೆಯ ಬಗ್ಗೆ ‘ಕಣ್ನೆಲೆ’ಯಂಥ ಪುಸ್ತಕ ಬರೆದವರು ಅವರು. ಅದೇ ಕಣ್ಣು ಬೆಂಗಳೂರಿನ ಫ್ಲೆಕ್ಸ್ ಬ್ಯಾನರುಗಳ ಮೇಲೂ ಹರಿದಿದೆ: ಮರಿ ನಾಯಕರು ಕೈಮುಗಿದು ನಿಂತ ಆ ಪ್ಲಾಸ್ಟಿಕ್ ಚಿತ್ರಶಾಲೆಯನ್ನು ಫೋಟೋಗಳಲ್ಲಿ ಹಿಡಿದು ‘ಫ್ಲೆಕ್ಸಿಂಗ್ ಮಸಲ್ಸ್’ ಎಂಬ ಪುಸ್ತಕ ಮಾಡಿದ್ದಾರೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಬಿಬಿಎಂಪಿ ಆ ಬ್ಯಾನರುಗಳನ್ನೆಲ್ಲ ಕಿತ್ತು ಹಾಕಿತು. ಆಮೇಲೆ ಅವು ಮೆಲ್ಲಗೆ ಮರಳಿದ್ದನ್ನು ಬೆಂಗಳೂರಿನವರಿಗೆ ಹೇಳಬೇಕಿಲ್ಲ.

ಅಚ್ಚಿನ ಚಿತ್ರಗಳನ್ನು ಎದುರಿಗೇ ನೋಡಬೇಕೆಂದಿದ್ದರೆ, ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ. ಜೆ.ಪಿ. ನಗರದಲ್ಲಿ ಹಸಿರು ಮೆಟ್ರೊ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದರೆ ಅಲ್ಲಿಂದ ದೂರವಿಲ್ಲ. ಸಂತೆಯಲ್ಲಿ ಅಚ್ಚಿನ ಚಿತ್ರ ಇಟ್ಟುಕೊಂಡು ಕೂತವರಿಗೆ ಎದುರಾಗುವ ಪ್ರಶ್ನೆ ‘ಇದು ಒರಿಜಿನಲ್ಲಾ, ಪ್ರಿಂಟಾ?’ ಎಂಬುದು. ಕೆಳಗಡೆ ಪೆನ್ಸಿಲಿನಲ್ಲಿ 3/20 ಎಂದಿದ್ದರೆ ಒತ್ತಿದ್ದು ಒಟ್ಟು 20, ಕೈಯಲ್ಲಿರುವುದು ಮೂರನೆಯದು ಎಂದರ್ಥ, ಇಪ್ಪತ್ತೂ ಒರಿಜಿನಲ್ಲೇ. ಬೆಲೆ ಕೇಳುವಾಗ ಕಾಗದ ಯಾವುದೆಂದೂ ಒಂದು ಮಾತು ಕೇಳಬಹುದು.